ಗುರುತಿಲ್ಲದ ಎಕ್ಸ್‌ಇ ಫೈಲು: ಒತ್ತುವ ಮೊದಲು ಏನು ನೋಡಬೇಕು

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್, ಅಂದರೆ ಈಗ ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿ, ತೆರೆದು ನೋಡಿದ್ದೀರಾ? ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಬರುತ್ತದೆ. ಮೊದಲ ಸಲ ನೋಡಿದವರಿಗೆ ಗಾಬರಿ ಗ್ಯಾರಂಟಿ. ನೀವು ತೆರೆದಿಟ್ಟಿರುವುದು ಒಂದು ಬ್ರೌಸರ್, ಒಂದು ವರ್ಡ್ ಫೈಲು, ಅಷ್ಟೇ. ಅಲ್ಲಿ ನೋಡಿದರೆ ಉರುಳಿಸಿದಷ್ಟೂ ಹೆಸರು ಬರುತ್ತಲೇ ಇರುತ್ತವೆ. ಅರ್ಧಕ್ಕರ್ಧ ಹೆಸರಿಗೆ ತಲೆಬುಡ ಇಲ್ಲ. ಡಿಡಬ್ಲ್ಯೂಎಂ, ಸಿಎಸ್‌ಆರ್‌ಎಸ್‌ಎಸ್, ಸಿಟಿಎಫ್‌ಮಾನ್, ಅದರ ಕೆಳಗೆ ಎಸ್‌ವಿಸಿಹೋಸ್ಟ್ ಅಂತ ಒಂದೇ ಹೆಸರಿನವು ಹತ್ತಾರು. ಎಲ್ಲವೂ ಎಕ್ಸ್‌ಇ ಫೈಲುಗಳು, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಮ್‌ಗಳು. ಇವರೆಲ್ಲ ಯಾರು, ಯಾವಾಗ ಬಂದರು ಅನ್ನಿಸುತ್ತದೆ ಅಲ್ವಾ?

ಆಗ ಎಲ್ಲರೂ ಮಾಡುವುದು ಒಂದೇ ಕೆಲಸ. ಆ ಹೆಸರನ್ನು ಗೂಗಲ್‌ಗೆ ಹಾಕುತ್ತಾರೆ. ಸಾಲುಸಾಲಾಗಿ ಪುಟಗಳು ಬರುತ್ತವೆ. ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಮಾತು: ಈ ಫೈಲು ಒಳ್ಳೆಯದಿರಬಹುದು, ಕೆಟ್ಟದ್ದೂ ಇರಬಹುದು, ಯಾವುದಕ್ಕೂ ಒಂದು ಸಲ ಸ್ಕ್ಯಾನ್ ಮಾಡಿ ನೋಡಿ. ಅದರ ಕೆಳಗೆ ದೊಡ್ಡದೊಂದು ಹಸಿರು ಡೌನ್‌ಲೋಡ್ ಬಟನ್. ಗೊತ್ತಿಲ್ಲದ ಒಂದು ಪ್ರೋಗ್ರಾಮಿಗೆ ಹೆದರಿ, ಗೊತ್ತಿಲ್ಲದ ಇನ್ನೊಂದನ್ನು ನಮ್ಮ ಕೈಯಾರೆ ಇಳಿಸಿಕೊಂಡು ಕೂರುತ್ತೇವೆ.

ಅದಕ್ಕೇ ಹೇಳೋದು, ಹೆಸರಿನ ಹಿಂದೆ ಹೋಗಬೇಡಿ. ಫೈಲಿನ ಹೆಸರನ್ನು ಯಾರು ಬೇಕಾದರೂ ಏನು ಬೇಕಾದರೂ ಇಡಬಹುದು. ಕೇಳಬೇಕಾದ ಪ್ರಶ್ನೆಗಳೇ ಬೇರೆ. ಇದು ನನ್ನ ಕಂಪ್ಯೂಟರಿಗೆ ಯಾವ ದಾರಿಯಲ್ಲಿ ಬಂತು? ಈಗ ಎಲ್ಲಿ ಕೂತಿದೆ? ಇದರ ಮೇಲೆ ಯಾರ ಸಹಿ ಇದೆ? ಏನು ಮಾಡುತ್ತಿದೆ? ಇವುಗಳಲ್ಲಿ ಮೊದಲನೆಯದಕ್ಕೆ ಸರಿಯಾದ ಉತ್ತರ ಸಿಕ್ಕರೆ ಉಳಿದವು ಎಷ್ಟೋ ಸಲ ಬೇಕಾಗುವುದೇ ಇಲ್ಲ.

ಹೆಸರು ನೋಡಿ ಹೆದರಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಹಳೇ ಕಥೆ ಇದೆ. 2002ರಲ್ಲಿ ಒಂದು ಇಮೇಲ್ ಊರೂರು ಸುತ್ತಿತು. ನಿಮ್ಮ ವಿಂಡೋಸ್ ಫೋಲ್ಡರಿನಲ್ಲಿ ಜೆಡಿಬಿಜಿಎಂಜಿಆರ್.ಎಕ್ಸ್‌ಇ ಅಂತ ಒಂದು ಫೈಲು ಇದೆಯಾ ನೋಡಿ, ಅದಕ್ಕೆ ಕರಡಿ ಮರಿಯ ಚಿತ್ರ ಇರುತ್ತದೆ, ಅದು ವೈರಸ್, ಯಾವ ಆಂಟಿವೈರಸ್‌ಗೂ ಸಿಗುವುದಿಲ್ಲ, 14 ದಿನ ಸುಮ್ನೆ ಇದ್ದು ಆಮೇಲೆ ಕಂಪ್ಯೂಟರ್ ಹಾಳು ಮಾಡುತ್ತದೆ, ಈಗಲೇ ಅಳಿಸಿ, ನಿಮ್ಮ ಪರಿಚಯದವರಿಗೆಲ್ಲ ಕಳಿಸಿ. ಜನ ಹುಡುಕಿ ನೋಡಿದರು. ಫೈಲು ಇತ್ತು! ಕರಡಿಯೂ ಇತ್ತು! ಅಳಿಸಿದರು, ಎಲ್ಲರಿಗೂ ಕಳಿಸಿದರು. ಅಸಲಿಗೆ ಅದು ಮೈಕ್ರೋಸಾಫ್ಟ್‌ನವರೇ ವಿಂಡೋಸ್ ಜೊತೆ ಕೊಟ್ಟಿದ್ದ, ಜಾವಾ ಡೀಬಗರ್‌ಗೆ ಸಂಬಂಧಪಟ್ಟ ಸಾಧು ಫೈಲು. ಯಾರೋ ಒಬ್ಬರು ಆ ಕರಡಿ ಚಿತ್ರ ಹಾಕಿದ್ದರು, ಅಷ್ಟೇ. ಅದರ ಹಿಂದಿನ ವರ್ಷ, 2001ರಲ್ಲಿ, ಎಸ್‌ಯುಎಲ್‌ಎಫ್‌ಎನ್‌ಬಿಕೆ ಅನ್ನುವ ಇನ್ನೊಂದು ಫೈಲಿಗೂ ಇದೇ ಗತಿ ಆಗಿತ್ತು. ಇಲ್ಲಿ ವೈರಸ್ ಇದ್ದದ್ದು ಕಂಪ್ಯೂಟರಿನಲ್ಲಲ್ಲ, ಇಮೇಲ್‌ನಲ್ಲಿ. ಅದನ್ನು ಓಡಿಸಿದ್ದು ಜನರೇ. ಇವತ್ತು ವಾಟ್ಸಾಪ್‌ನಲ್ಲಿ ಬರುವ "ಎಲ್ಲಾ ಗ್ರೂಪ್‌ಗೂ ಶೇರ್ ಮಾಡಿ" ಎಚ್ಚರಿಕೆಗಳಿಗೆ ಇವು ಅಜ್ಜಂದಿರು.

ಸರಿ, ಎಸ್‌ವಿಸಿಹೋಸ್ಟ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಜನ ಅತಿ ಹೆಚ್ಚು ಅನುಮಾನ ಪಡುವುದು ಅದರ ಮೇಲೆ. ಅದು ವಿಂಡೋಸ್‌ನ ಸ್ವಂತ ಪ್ರೋಗ್ರಾಮ್. ಅಪ್‌ಡೇಟ್, ಪ್ರಿಂಟ್, ನೆಟ್‌ವರ್ಕ್ ಹೀಗೆ ಹಿಂದೆ ನಿಂತು ನಡೆಯುವ ಸೇವೆಗಳು ಬಹಳಷ್ಟು ಅದರೊಳಗೆ ಓಡುತ್ತವೆ, ಅದಕ್ಕೇ ಅಷ್ಟೊಂದು ಕಾಣಿಸುವುದು. ಹತ್ತಾರು ಇದ್ದರೆ ಚಿಂತೆ ಬೇಡ. ಆದರೆ ಅದೇ ಕಾರಣಕ್ಕೆ ಕಳ್ಳ ಪ್ರೋಗ್ರಾಮ್ ಬರೆಯುವವರಿಗೂ ಆ ಹೆಸರು ಅಂದರೆ ಪ್ರೀತಿ. ಅಷ್ಟು ಜನರ ನಡುವೆ ಇನ್ನೊಬ್ಬ ನುಗ್ಗಿದರೆ ಯಾರಿಗೆ ಗೊತ್ತಾಗುತ್ತದೆ?

ಗೊತ್ತು ಮಾಡಿಕೊಳ್ಳುವುದು ಸುಲಭ. ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, "ಓಪನ್ ಫೈಲ್ ಲೊಕೇಶನ್" ಒತ್ತಿ. ಅಸಲಿ ಎಸ್‌ವಿಸಿಹೋಸ್ಟ್ ಇರುವುದು ಸಿ ಡ್ರೈವ್, ವಿಂಡೋಸ್, ಸಿಸ್ಟಮ್32 ಒಳಗೆ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್‌ವೌ64 ಅನ್ನುವ ಫೋಲ್ಡರಿನಲ್ಲೂ ಒಂದು ಪ್ರತಿ ಇರುತ್ತದೆ. ಅದು ಬಿಟ್ಟು ಟೆಂಪ್ ಫೋಲ್ಡರಿನಲ್ಲೋ, ಡೌನ್‌ಲೋಡ್ಸ್‌ನಲ್ಲೋ, ಪಬ್ಲಿಕ್ ಅನ್ನುವ ಯೂಸರ್ ಕೆಳಗೋ ಕೂತಿದ್ದರೆ ಅದು ಅಸಲಿ ಅಲ್ಲ. ಎಕ್ಸ್‌ಪ್ಲೋರರ್.ಎಕ್ಸ್‌ಇ ಮಾತ್ರ ಉಲ್ಟಾ. ಅದರ ಮನೆ ವಿಂಡೋಸ್ ಫೋಲ್ಡರಿನಲ್ಲೇ, ಸಿಸ್ಟಮ್32 ಒಳಗಲ್ಲ. ಇಷ್ಟು ತಿಳಿದಿದ್ದರೆ ಅರ್ಧ ವೇಷಗಳು ಕಳಚಿ ಬೀಳುತ್ತವೆ.

ಕಾಗುಣಿತವನ್ನೂ ಒಮ್ಮೆ ನೋಡಿ. ವಿ ಮತ್ತು ಸಿ ಅಕ್ಷರ ಅದಲುಬದಲು ಮಾಡಿ ಎಸ್‌ಸಿವಿಹೋಸ್ಟ್ ಅಂತ ಇಡುತ್ತಾರೆ. ಓ ಅಕ್ಷರದ ಜಾಗದಲ್ಲಿ ಸೊನ್ನೆ ಹಾಕುತ್ತಾರೆ. ಎಲ್‌ಸಾಸ್ ಅಂತ ಇನ್ನೊಂದು ಫೈಲಿದೆ, ಲಾಗಿನ್ ನೋಡಿಕೊಳ್ಳುವುದು. ಅದರ ಮೊದಲಿನ ಸಣ್ಣ ಎಲ್ ತೆಗೆದು ಇಂಗ್ಲಿಷಿನ ದೊಡ್ಡ ಐ ಹಾಕಿಬಿಟ್ಟರೆ ಪರದೆಯ ಮೇಲೆ ಎರಡೂ ಒಂದು ನೆಟ್ಟಗಿನ ಗೆರೆಯಷ್ಟೇ. ಕಣ್ಣಿಗೆ ಏನೇನೂ ವ್ಯತ್ಯಾಸ ಸಿಗುವುದಿಲ್ಲ. ಇಂಥದ್ದಕ್ಕೆಲ್ಲ ಜಾಗ ನೋಡುವುದೇ ಮದ್ದು.

ಜಾಗದ ವಿಷಯದಲ್ಲಿ ಒಂದು ಎಚ್ಚರಿಕೆ ಮಾತ್ರ. ಆ್ಯಪ್‌ಡೇಟಾ ಅನ್ನುವ ಫೋಲ್ಡರಿನಲ್ಲಿ ಏನು ಓಡುತ್ತಿದ್ದರೂ ವೈರಸ್ ಅಂತ ಕೆಲವರು ಹೇಳುತ್ತಾರೆ. ಹಾಗೇನಿಲ್ಲ. ಅಡ್ಮಿನ್ ಪಾಸ್‌ವರ್ಡ್ ಕೇಳದೆ ಇನ್‌ಸ್ಟಾಲ್ ಆಗುವ ಎಷ್ಟೋ ಒಳ್ಳೆಯ ಪ್ರೋಗ್ರಾಮ್‌ಗಳು, ಝೂಮ್ ಥರದವು, ಅಲ್ಲೇ ಹೋಗಿ ಕೂರುವುದು. ಕಳ್ಳನಿಗೂ ಅಡ್ಮಿನ್ ಪಾಸ್‌ವರ್ಡ್ ಇರುವುದಿಲ್ಲವಲ್ಲ, ಅವನೂ ಅಲ್ಲೇ ಬರುತ್ತಾನೆ. ಅಂದರೆ ಸಿಸ್ಟಮ್ ಫೈಲಿನ ಹೆಸರು ಹೊತ್ತು ಆ್ಯಪ್‌ಡೇಟಾದಲ್ಲಿ ಕೂತಿದ್ದರೆ ತಪ್ಪು. ತನ್ನದೇ ಹೆಸರಿನಲ್ಲಿ ಇದ್ದರೆ ಮುಂದಿನ ಪ್ರಶ್ನೆಗೆ ಹೋಗಿ.

ಈಗ ಪೆನ್‌ಡ್ರೈವ್. ನಿಮ್ಮಲ್ಲಿ ಡಿಟಿಪಿ ಮಾಡುವವರು, ಜೆರಾಕ್ಸ್ ಅಂಗಡಿ ಇಟ್ಟವರು ಇದ್ದೀರಿ, ನಿಮಗೆ ಇದು ದಿನದ ಪಾಡು. ಹುಡುಗರು ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ತರುತ್ತಾರೆ. ಚುಚ್ಚಿದ ಮೇಲೆ ನೋಡಿದರೆ ಅವರ ಫೋಲ್ಡರುಗಳೆಲ್ಲ ಇವೆ. ಆದರೆ ಒಂದೊಂದು ಫೋಲ್ಡರಿನ ಮೂಲೆಯಲ್ಲೂ ಸಣ್ಣ ಬಾಣದ ಗುರುತು. ಅವು ಫೋಲ್ಡರ್ ಅಲ್ಲ, ಶಾರ್ಟ್‌ಕಟ್. ಅಸಲಿ ಫೋಲ್ಡರನ್ನು ವೈರಸ್ ಬಚ್ಚಿಟ್ಟು, ಅದೇ ಹೆಸರಿನಲ್ಲಿ ಶಾರ್ಟ್‌ಕಟ್ ಮಾಡಿಟ್ಟಿರುತ್ತದೆ. ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ಫೋಲ್ಡರೂ ತೆರೆದುಕೊಳ್ಳುತ್ತದೆ. ಕೆಲಸ ಆಯಿತಲ್ಲ, ಯಾರಿಗೆ ಅನುಮಾನ ಬರುತ್ತದೆ? ಇನ್ನೊಂದು ಜಾತಿಯದ್ದು ಬಾಣವನ್ನೂ ತೋರಿಸುವುದಿಲ್ಲ. ಅದೊಂದು ಎಕ್ಸ್‌ಇ ಫೈಲು, ಹಳದಿ ಫೋಲ್ಡರಿನ ಚಿತ್ರವನ್ನು ತಾನು ಹಾಕಿಕೊಂಡಿರುತ್ತದೆ. ಹೆಸರು "ನ್ಯೂ ಫೋಲ್ಡರ್". ಬಾಲದ .ಎಕ್ಸ್‌ಇ ಕಾಣುವುದಿಲ್ಲ, ಯಾಕೆಂದರೆ ವಿಂಡೋಸ್ ಅದನ್ನು ಮುಚ್ಚಿಡುತ್ತದೆ.

ಈ ಮುಚ್ಚಿಡುವ ಅಭ್ಯಾಸ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಹೊಸ ಕಂಪ್ಯೂಟರ್ ತಂದ ದಿನವೇ ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುಗೆ ಹೋಗಿ "ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್" ಟಿಕ್ ಮಾಡಿ. ವಿಂಡೋಸ್ 11ರಲ್ಲಿ ಅದು ವ್ಯೂ ಒಳಗಿನ ಶೋ ಅನ್ನುವುದರ ಕೆಳಗಿದೆ. ಜೊತೆಗೆ ಡೀಟೇಲ್ಸ್ ವ್ಯೂ ಇಟ್ಟುಕೊಳ್ಳಿ. ಟೈಪ್ ಅನ್ನುವ ಕಾಲಂನಲ್ಲಿ "ಫೈಲ್ ಫೋಲ್ಡರ್" ಅಂತ ಇರಬೇಕಾದ ಕಡೆ "ಅಪ್ಲಿಕೇಶನ್" ಅಂತಿದ್ದರೆ ಅಲ್ಲಿಗೆ ವೇಷ ಬಯಲು. ಸೈಜ್ ಕಾಲಂ ನೋಡಿದರೂ ಗೊತ್ತಾಗುತ್ತದೆ. ಫೋಲ್ಡರಿಗೆ ಅಲ್ಲಿ ಸೈಜ್ ತೋರಿಸುವುದಿಲ್ಲ, ಅಷ್ಟು ಕೆಬಿ ಅಂತ ಬರೆದಿದ್ದರೆ ಅದು ಫೋಲ್ಡರೇ ಅಲ್ಲ.

2000ದ ಮೇ ತಿಂಗಳಲ್ಲಿ ಐ ಲವ್ ಯೂ ವೈರಸ್ ಜಗತ್ತು ಸುತ್ತಿದ್ದು ಇದೇ ಮುಚ್ಚಿಟ್ಟ ಬಾಲದಿಂದ. ಫೈಲಿನ ಪೂರ್ತಿ ಹೆಸರು ಲವ್-ಲೆಟರ್-ಫಾರ್-ಯೂ.ಟಿಎಕ್ಸ್‌ಟಿ.ವಿಬಿಎಸ್. ಕೊನೆಯ ವಿಬಿಎಸ್, ಅಂದರೆ ಇದು ಓಡುವ ಫೈಲು ಅನ್ನುವ ಗುರುತು, ಕಾಣದೇ ಇದ್ದವರಿಗೆ ಅದೊಂದು ಸಾದಾ ಪತ್ರ. ಅದೇ ಆಟ ಈಗ "ಇನ್‌ವಾಯ್ಸ್.ಪಿಡಿಎಫ್.ಎಕ್ಸ್‌ಇ" ಅಂತ ಮುಂದುವರೆದಿದೆ. ಇನ್ನು .ಎಸ್‌ಸಿಆರ್ ಅಂದರೆ ಸ್ಕ್ರೀನ್‌ಸೇವರ್, ಹೆಸರು ಬೇರೆ ಆದರೂ ಒಳಗೆ ಅದೂ ಎಕ್ಸ್‌ಇ ಇದ್ದ ಹಾಗೇ ಓಡುತ್ತದೆ. ಬಾಲ ತೋರಿಸುವಂತೆ ಮಾಡಿಕೊಂಡರೂ ಮೋಸ ಮಾಡುವ ಒಂದು ಉಪಾಯ ಇದೆ. ಅರೇಬಿಕ್, ಉರ್ದು ಥರ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗಾಗಿ ಯೂನಿಕೋಡ್‌ನಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಇದೆ. ಅದನ್ನು ಹೆಸರಿನ ನಡುವೆ ತುರುಕಿದರೆ ಮುಂದಿನ ಅಕ್ಷರಗಳು ತಿರುಗಿ ಕಾಣುತ್ತವೆ, ಎಕ್ಸ್‌ಇ ಫೈಲು ಪಿಡಿಎಫ್ ಅಂತ ಕೊನೆಯಾಗುತ್ತದೆ. ಆದರೆ ಟೈಪ್ ಕಾಲಂಗೆ ಮೋಸ ಮಾಡಲಾಗುವುದಿಲ್ಲ. ಅಲ್ಲಿ ಅಪ್ಲಿಕೇಶನ್ ಅಂತಲೇ ಇರುತ್ತದೆ.

ಸಹಿಯ ವಿಷಯ ನೋಡೋಣ. ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ಡೀಟೇಲ್ಸ್ ಅನ್ನುವ ಟ್ಯಾಬ್‌ನಲ್ಲಿ ಕಂಪನಿ ಹೆಸರು, ಕಾಪಿರೈಟ್ ಎಲ್ಲ ಇರುತ್ತದೆ. "ಮೈಕ್ರೋಸಾಫ್ಟ್ ಕಾರ್ಪೊರೇಶನ್" ಅಂತ ಅಲ್ಲಿ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಪ್ರೋಗ್ರಾಮ್ ಬರೆದವನು ತಾನೇ ತುಂಬುವ ಜಾಗ ಅದು, ಫ್ಲೆಕ್ಸ್ ಬ್ಯಾನರಿನಲ್ಲಿ ಹೆಸರಿನ ಹಿಂದೆ ತಾವೇ ಹಾಕಿಸಿಕೊಂಡ ಬಿರುದಿನ ಹಾಗೆ. ನೋಡಬೇಕಾದದ್ದು ಪಕ್ಕದ "ಡಿಜಿಟಲ್ ಸಿಗ್ನೇಚರ್ಸ್" ಟ್ಯಾಬ್. ಅಲ್ಲಿ ಹೆಸರು ಆರಿಸಿ ಡೀಟೇಲ್ಸ್ ಒತ್ತಿದರೆ ಸಹಿ ಸರಿ ಇದೆ ಅಂತಲೋ, ಇಲ್ಲ ಅಂತಲೋ ವಿಂಡೋಸ್ ಹೇಳುತ್ತದೆ. ಆ ಹೆಸರನ್ನು ಸುಮ್ನೆ ಬರೆದುಕೊಳ್ಳಲು ಆಗುವುದಿಲ್ಲ. ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ದಾಖಲೆ ತೋರಿಸಿ ಪಡೆಯಬೇಕು. ಸಹಿ ಹಾಕಿದ ಮೇಲೆ ಫೈಲಿನ ಒಳಗೆ ಯಾರಾದರೂ ಕೈ ಆಡಿಸಿದರೆ ಸಹಿ ಕೆಡುತ್ತದೆ.

ಇಲ್ಲಿ ಒಂದು ಗೊಂದಲ ಆಗುತ್ತದೆ, ಎಷ್ಟೋ ಜನ ಬಂದು ಕೇಳುತ್ತಾರೆ. ಸಿಸ್ಟಮ್32 ಒಳಗಿನ ಕೆಲವು ಫೈಲುಗಳಿಗೆ ಆ ಟ್ಯಾಬೇ ಇರುವುದಿಲ್ಲ. ಹಾಗಾದರೆ ಅವು ನಕಲಿಯಾ? ಅಲ್ಲ. ವಿಂಡೋಸ್ ತನ್ನ ಬಹಳಷ್ಟು ಫೈಲುಗಳ ಸಹಿಯನ್ನು ಫೈಲಿನೊಳಗೆ ಇಡದೆ ಕ್ಯಾಟಲಾಗ್ ಅನ್ನುವ ಬೇರೆ ಪಟ್ಟಿಯಲ್ಲಿ ಇಟ್ಟಿರುತ್ತದೆ. ಪ್ರಾಪರ್ಟೀಸ್ ಕಿಟಕಿಗೆ ಅದು ಕಾಣುವುದಿಲ್ಲ. ವಿಂಡೋಸ್ ಒಳಗೆ ಏನು ನಡೆಯುತ್ತಿದೆ ಅಂತ ನೋಡುವ ಸಿಸ್‌ಇಂಟರ್ನಲ್ಸ್ ಟೂಲ್‌ಗಳಲ್ಲಿ ಸಿಗ್‌ಚೆಕ್ ಅಂತ ಒಂದಿದೆ, ಮೈಕ್ರೋಸಾಫ್ಟ್ ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದು ಎರಡನ್ನೂ ನೋಡುತ್ತದೆ.

ಸಹಿ ಇದ್ದ ಮಾತ್ರಕ್ಕೆ ಮುಗಿಯಿತಾ? ಇಲ್ಲ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್, ಇರಾನಿನ ನತಾಂಜ್ ಅಣು ಘಟಕದ ಯಂತ್ರಗಳನ್ನು ಕೆಡಿಸಿದ್ದು, ಅದರ ಡ್ರೈವರುಗಳ (ವಿಂಡೋಸ್‌ನ ಒಳಗೇ ಸೇರಿಕೊಂಡು ಓಡುವ ಪ್ರೋಗ್ರಾಮ್‌ಗಳು) ಮೇಲೆ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಅಸಲಿ ಸಹಿ ಇತ್ತು. ಎರಡೂ ತೈವಾನಿನ ಕಂಪನಿಗಳು, ಸಹಿ ಹಾಕುವ ಕೀಲಿಗಳನ್ನೇ ಕದ್ದಿದ್ದರು. ಅದು ದೇಶದೇಶಗಳ ಜಗಳ, ನಮಗ್ಯಾಕೆ ಅಂತೀರಾ? ಹಾಗಾದರೆ ಸಿಸಿಕ್ಲೀನರ್ ತೆಗೆದುಕೊಳ್ಳಿ. ಕಂಪ್ಯೂಟರ್ ಸ್ಲೋ ಆಯಿತು ಅಂದರೆ ಅಂಗಡಿಯವರು ಮೊದಲು ಹಾಕುತ್ತಿದ್ದ ಪ್ರೋಗ್ರಾಮ್ ಅದು. 2017ರ ಆಗಸ್ಟ್ 15ರಂದು ಬಿಡುಗಡೆಯಾದ ಅದರ 5.33 ಆವೃತ್ತಿಯೊಳಗೆ ಕಳ್ಳ ಕೋಡ್ ಇತ್ತು. ಇಳಿಸಿಕೊಂಡದ್ದು ಅಧಿಕೃತ ಸೈಟಿನಿಂದ. ಸಹಿ ಅಸಲಿ. ಕಂಪನಿಯ ಒಳಗೇ ಹೊಕ್ಕು ಸಹಿ ಹಾಕುವ ಮೊದಲೇ ಬೆರೆಸಿಬಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಗೊತ್ತಾಗುವ ಹೊತ್ತಿಗೆ ಸುಮಾರು 22.7 ಲಕ್ಷ ಕಂಪ್ಯೂಟರುಗಳಲ್ಲಿ ಅದು ಕೂತಿತ್ತು. ಇಂಥದ್ದನ್ನು ನೀವು ನಾವು ಮನೆಯಲ್ಲಿ ಕೂತು ಹಿಡಿಯಲು ಆಗುವುದಿಲ್ಲ, ಆ ಆಸೆ ಬಿಡಿ. ಅಪರೂಪಕ್ಕೆ ಆಗುವಂಥದ್ದು. ನಮ್ಮ ತಲೆನೋವು ಬಹುಪಾಲು ಇದಕ್ಕಿಂತ ಎಷ್ಟೋ ಒರಟು ಮೋಸಗಳದ್ದು, ಅವು ಕೈಗೆ ಸಿಗುತ್ತವೆ.

ಹ್ಯಾಶ್ ಅಂತ ಕೇಳಿರುತ್ತೀರಿ. ಫೈಲಿನ ಎಲ್ಲ ಬೈಟುಗಳನ್ನೂ ಲೆಕ್ಕಕ್ಕೆ ಹಾಕಿ ತೆಗೆದ ಒಂದು ಗುರುತಿನ ಸಂಖ್ಯೆ. ಎಸ್‌ಎಚ್‌ಎ-256 ಆದರೆ 64 ಅಕ್ಷರ ಉದ್ದ. ಫೈಲಿನಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಪೂರ್ತಿ ಬೇರೆಯೇ ಬರುತ್ತದೆ. ಪವರ್‌ಶೆಲ್, ಅಂದರೆ ವಿಂಡೋಸ್‌ಗೆ ಆಜ್ಞೆ ಟೈಪ್ ಮಾಡಿ ಕೊಡುವ ಕಿಟಕಿ, ತೆರೆದು ಗೆಟ್-ಫೈಲ್‌ಹ್ಯಾಶ್ ಅಂತ ಟೈಪ್ ಮಾಡಿ, ಒಂದು ಜಾಗ ಬಿಟ್ಟು, ಫೈಲನ್ನು ಎಳೆದು ಆ ಕಿಟಕಿಯೊಳಗೆ ಹಾಕಿ ಎಂಟರ್ ಒತ್ತಿದರೆ ಸಾಕು. ತಯಾರಕರ ಪುಟದಲ್ಲಿ ಕೊಟ್ಟ ಸಂಖ್ಯೆಗೂ ಇದಕ್ಕೂ ತಾಳೆ ನೋಡುವುದು. ಆದರೆ ಫೈಲು ಮತ್ತು ಹ್ಯಾಶ್ ಎರಡೂ ಒಂದೇ ಪುಟದಲ್ಲಿದ್ದರೆ, ಪುಟಕ್ಕೆ ನುಗ್ಗಿದವನು ಎರಡನ್ನೂ ಬದಲಿಸಬಹುದಲ್ಲ? 2016ರ ಫೆಬ್ರವರಿಯಲ್ಲಿ, ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮಿಂಟ್‌ನ ಸೈಟಿಗೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ತಿರುಗಿಸಿ, ಕಳ್ಳರಿಗೆ ಹಿಂಬಾಗಿಲಿಟ್ಟ ಐಎಸ್‌ಒ (ಇನ್‌ಸ್ಟಾಲ್ ಮಾಡುವ) ಫೈಲು ಹಂಚಿದ್ದರು. ಹ್ಯಾಶ್ ಅನ್ನು ಬೇರೆ ಕಡೆಯಿಂದ ನೋಡಿಕೊಂಡರೆ ಮಾತ್ರ ಅದಕ್ಕೆ ಬೆಲೆ.

ನನ್ನ ಮಟ್ಟಿಗೆ ಹ್ಯಾಶ್‌ನ ದೊಡ್ಡ ಉಪಯೋಗ ಬೇರೆ. ಅದನ್ನು ತೆಗೆದುಕೊಂಡು ವೈರಸ್‌ಟೋಟಲ್ ಸೈಟಿನ ಹುಡುಕುವ ಜಾಗದಲ್ಲಿ ಹಾಕುವುದು. ಸ್ಪೇನಿನಲ್ಲಿ 2004ರಲ್ಲಿ ಶುರುವಾದದ್ದು ಇದು, 2012ರಲ್ಲಿ ಗೂಗಲ್ ಕೊಂಡುಕೊಂಡಿತು. ಸುಮಾರು 70 ಆಂಟಿವೈರಸ್‌ಗಳು ಒಂದೇ ಫೈಲಿನ ಬಗ್ಗೆ ಏನು ಹೇಳುತ್ತವೆ ಅಂತ ಒಟ್ಟಿಗೆ ತೋರಿಸುತ್ತದೆ. ಮೊದಲು ಹ್ಯಾಶ್ ಹಾಕಿ ನೋಡಿ, ಫೈಲು ಅಪ್‌ಲೋಡ್ ಮಾಡುವುದು ಆಮೇಲೆ. ಯಾಕೆ? ನೀವು ಅಲ್ಲಿ ಏರಿಸಿದ ಫೈಲು ಆಂಟಿವೈರಸ್ ಕಂಪನಿಗಳಿಗೆ, ದುಡ್ಡು ಕೊಟ್ಟ ಸಂಶೋಧಕರಿಗೆ ಸಿಗುತ್ತದೆ. ಎಕ್ಸ್‌ಇ ಆದರೆ ಪರವಾಗಿಲ್ಲ. ಬ್ಯಾಂಕ್ ಸ್ಟೇಟ್‌ಮೆಂಟ್, ಗಿರಾಕಿಯ ಆಧಾರ್ ಪಿಡಿಎಫ್, ಆಫೀಸಿನ ಸಂಬಳದ ಪಟ್ಟಿ ಇಂಥವನ್ನು ಯಾವ ಕಾರಣಕ್ಕೂ ಹಾಕಬೇಡಿ.

ಬಂದ ಫಲಿತಾಂಶ ಓದುವುದು ಒಂದು ಕಲೆ. 70ರಲ್ಲಿ 40 ಕೆಂಪು ಬಂದರೆ ಮಾತೇ ಬೇಡ, ಅಳಿಸಿ. ಎರಡೋ ಮೂರೋ ಬಂದರೆ? ಯಾವುವು ಹೇಳಿವೆ, ಯಾವ ಹೆಸರಿನಲ್ಲಿ ಹೇಳಿವೆ ನೋಡಿ. "ಜೆನೆರಿಕ್", "ಹ್ಯೂರ್", "ಎಂಎಲ್" ಅಂತೆಲ್ಲ ಹೆಸರಿನಲ್ಲಿದ್ದರೆ ಅದು ಬಹುಮಟ್ಟಿಗೆ ಊಹೆ. ಇದರ ಲಕ್ಷಣ ಸರಿ ಕಾಣುತ್ತಿಲ್ಲ ಅನ್ನುತ್ತಿದೆ ಅಷ್ಟೇ. ಡೀಟೇಲ್ಸ್ ಭಾಗದಲ್ಲಿ ಈ ಫೈಲು ಮೊದಲ ಸಲ ಯಾವಾಗ ಬಂತು ಅನ್ನುವ ದಿನಾಂಕ ಇರುತ್ತದೆ, ಜನ ಅದನ್ನು ನೋಡುವುದೇ ಇಲ್ಲ. ನನ್ನ ಪ್ರಕಾರ ಇಡೀ ಪುಟದಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಅದೇ. ಹತ್ತು ವರ್ಷದಿಂದ ಜನ ಹಾಕಿ ನೋಡುತ್ತಿರುವ ಫೈಲಿಗೆ ಎರಡು ಕೆಂಪು ಇದ್ದರೆ ನಾನು ಅಷ್ಟು ಹೆದರುವುದಿಲ್ಲ. ಒಂದೂ ಕೆಂಪಿಲ್ಲದ, ಆದರೆ ಇವತ್ತು ಬೆಳಗ್ಗೆಯಷ್ಟೇ ಮೊದಲ ಸಲ ಕಂಡ ಫೈಲಿಗೆ ಜಾಸ್ತಿ ಹೆದರುತ್ತೇನೆ. ಹೊಚ್ಚ ಹೊಸ ವೈರಸ್ ಕೂಡ ಮೊದಲ ಕೆಲವು ಗಂಟೆ ಸೊನ್ನೆಯೇ ತೋರಿಸಬಹುದು.

ನಮ್ಮ ಕನ್ನಡದ ಟೈಪಿಂಗ್ ತಂತ್ರಾಂಶಗಳನ್ನೇ ತೆಗೆದುಕೊಳ್ಳಿ. ನುಡಿ, ಬರಹ ಇವೆಲ್ಲ ಹಿಂದೆ ನಿಂತು ನೀವು ಒತ್ತಿದ ಪ್ರತಿ ಕೀಯನ್ನೂ ಹಿಡಿದು ಕನ್ನಡ ಅಕ್ಷರ ಮಾಡಿ ಕೊಡಬೇಕು, ಅದೇ ಅವುಗಳ ಕೆಲಸ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡುವುದೂ ಕೀ ಹಿಡಿಯುವ ಕೆಲಸವೇ. ನಡವಳಿಕೆ ನೋಡಿ ಊಹಿಸುವ ಆಂಟಿವೈರಸ್‌ಗೆ ಅನುಮಾನ ಬಂದರೆ ತಪ್ಪು ಅನ್ನಲಾಗುವುದಿಲ್ಲ. ಆಗ ನೋಡಬೇಕಾದದ್ದು ಮತ್ತೆ ಮೊದಲ ಪ್ರಶ್ನೆ, ಅದು ಎಲ್ಲಿಂದ ಬಂತು? ನುಡಿ ಮಾಡಿದ್ದು ಕನ್ನಡ ಗಣಕ ಪರಿಷತ್ತು, ಸರ್ಕಾರಿ ಕಚೇರಿಗಳಲ್ಲೆಲ್ಲ ಅದೇ. ಆದರೆ ನಿಮ್ಮ ಕಂಪ್ಯೂಟರಿನಲ್ಲಿರುವ ನುಡಿ ಅವರಿಂದ ಬಂತಾ, ಅಥವಾ ಯಾವುದೋ ಅಂಗಡಿಯಿಂದ ಯಾವುದೋ ಆಫೀಸಿಗೆ, ಅಲ್ಲಿಂದ ಯಾವುದೋ ಶಾಲೆಗೆ ಪೆನ್‌ಡ್ರೈವ್ ಹತ್ತಿ ಇಳಿದು, ದಾರಿಯಲ್ಲಿ ಏನೇನು ಅಂಟಿಸಿಕೊಂಡು ಬಂತಾ? ಹೆಸರು ನುಡಿ ಅಂತಲೇ ಇರುತ್ತದೆ. ಹಳೇ ಸೆಟಪ್ ಫೈಲನ್ನು ಜೋಪಾನ ಮಾಡಿ ಇಟ್ಟುಕೊಳ್ಳುವ ಬದಲು ಬೇಕಾದಾಗ ಮೂಲದಿಂದಲೇ ಇಳಿಸಿಕೊಳ್ಳಿ.

ಆಂಟಿವೈರಸ್ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ ಅನ್ನುವುದಕ್ಕೆ ಇನ್ನೊಂದು. 2010ರ ಏಪ್ರಿಲ್ 21ರಂದು ಮ್ಯಾಕಫಿಯ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಅಸಲಿ ಎಸ್‌ವಿಸಿಹೋಸ್ಟ್ ಫೈಲನ್ನೇ ವೈರಸ್ ಅಂತ ಹಿಡಿದು ಎತ್ತಿಟ್ಟಿತು. ಆಸ್ಪತ್ರೆ, ಆಫೀಸುಗಳಲ್ಲಿ ಕಂಪ್ಯೂಟರುಗಳು ನೆಟ್ ಕಳೆದುಕೊಂಡು, ಆರಿ ಹತ್ತಿ ಆರಿ ಹತ್ತಿ ಕೂತವು. ಹಾಗಂತ ಆಂಟಿವೈರಸ್ ಆಫ್ ಮಾಡಿ ಅಂತ ನಾನು ಹೇಳಿದೆ ಅಂದುಕೊಳ್ಳಬೇಡಿ. ಆಫ್ ಮಾಡಿ ಅಂತ ಹೇಳುವವರೇ ಬೇರೆ ಇದ್ದಾರೆ.

ಯಾರು ಅಂದರೆ, ಕ್ರ್ಯಾಕ್ ಕೊಡುವವರು, ಅಂದರೆ ದುಡ್ಡು ಕೊಡಬೇಕಾದ ಪ್ರೋಗ್ರಾಮಿನ ಬೀಗ ಮುರಿದು ಹಂಚುವವರು. ವಿಂಡೋಸ್ ಆ್ಯಕ್ಟಿವೇಟ್ ಮಾಡುವ ಟೂಲು, ಫೋಟೋಶಾಪ್‌ಗೆ ಕೀಜೆನ್, ಕೋರೆಲ್‌ಡ್ರಾಗೆ ಪ್ಯಾಚ್. ಜಿಪ್ ಫೈಲಿನಲ್ಲಿ ಬರುತ್ತದೆ, ಜಿಪ್‌ಗೆ ಪಾಸ್‌ವರ್ಡ್ ಇರುತ್ತದೆ, ಪಾಸ್‌ವರ್ಡ್ ಪಕ್ಕದಲ್ಲೇ ಬರೆದಿರುತ್ತಾರೆ. ಬರೆದೇ ಇಡುವುದಾದರೆ ಪಾಸ್‌ವರ್ಡ್ ಯಾಕೆ ಬೇಕಿತ್ತು? ಆಂಟಿವೈರಸ್ ಒಳಗೆ ಇಣುಕಬಾರದು ಅಂತ. ಜೊತೆಗೊಂದು ಟೆಕ್ಸ್ಟ್ ಫೈಲು: "ಇನ್‌ಸ್ಟಾಲ್ ಮಾಡುವ ಮೊದಲು ಡಿಫೆಂಡರ್ ಆಫ್ ಮಾಡಿ, ಇದು ತಪ್ಪಾಗಿ ವೈರಸ್ ಅನ್ನುತ್ತದೆ." ಡಿಫೆಂಡರ್ ಅಂದರೆ ವಿಂಡೋಸ್‌ನದೇ ಆಂಟಿವೈರಸ್. ಕೆಲವು ಸಲ ನಿಜವಾಗಿಯೂ ತಪ್ಪಾಗಿ ಅನ್ನುತ್ತದೆ, ಅದೇ ಸಮಸ್ಯೆ. ಯಾವ ಸಲ ಸುಳ್ಳು, ಯಾವ ಸಲ ನಿಜ ಅಂತ ನಿಮಗೆ ಗೊತ್ತಾಗುವ ದಾರಿ ಇಲ್ಲ. ಕೊಟ್ಟವನು ಯಾರು ಅಂತಲೂ ಗೊತ್ತಿಲ್ಲ. ಇಂಥ ಫೈಲನ್ನು ಪರೀಕ್ಷೆ ಮಾಡುವುದು ಹೇಗೆ ಅಂತ ನನ್ನನ್ನು ಕೇಳಬೇಡಿ, ಮಾಡಲೇಬೇಡಿ ಅನ್ನುತ್ತೇನೆ. ಫೋಟೋಶಾಪ್ ಬದಲಿಗೆ ಜಿಂಪ್ ಇದೆ, ಕೋರೆಲ್‌ಡ್ರಾ ಬದಲಿಗೆ ಇಂಕ್‌ಸ್ಕೇಪ್ ಇದೆ, ವರ್ಡ್ ಬದಲಿಗೆ ಲಿಬ್ರೆಆಫೀಸ್ ಇದೆ, ಎಲ್ಲ ಪುಕ್ಕಟೆ. ಅವನ್ನೂ ಅವರವರ ಸೈಟಿನಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಮೇಲ್ಗಡೆ ಬರುವ ಜಾಹೀರಾತಿನ ಕೊಂಡಿಯಿಂದಲ್ಲ.

ವಿಂಡೋಸ್ ಒಮ್ಮೊಮ್ಮೆ ನೀಲಿ ಕಿಟಕಿ ತೋರಿಸಿ "ನಿಮ್ಮ ಪಿಸಿಯನ್ನು ಕಾಪಾಡಿದೆ" ಅನ್ನುತ್ತದಲ್ಲ, ಅದು ಸ್ಮಾರ್ಟ್‌ಸ್ಕ್ರೀನ್. ಬಹಳ ಸಲ ಅದರ ಅರ್ಥ ಇದು ಕೆಟ್ಟದ್ದು ಅಂತಲ್ಲ, ಇದನ್ನು ಹೆಚ್ಚು ಜನ ಇಳಿಸಿಕೊಂಡಿದ್ದು ನಾನು ನೋಡಿಲ್ಲ ಅಂತ. ಒಬ್ಬರೇ ಕೂತು ಬರೆದ ಸಣ್ಣ ಪ್ರೋಗ್ರಾಮಿಗೂ ಬರುತ್ತದೆ. ಬರೆದವರು ಯಾರು ಅಂತ ಗೊತ್ತಿದ್ದರೆ, ಅವರ ಸೈಟಿನಿಂದಲೇ ಬಂದಿದ್ದರೆ ಮುಂದೆ ಹೋಗಬಹುದು. ವಾಟ್ಸಾಪ್‌ನಲ್ಲಿ ಬಂದ ಫೈಲಿಗೆ ಆ ಕಿಟಕಿ ಬಂದರೆ ಅಲ್ಲೇ ನಿಲ್ಲಿ.

ಇದನ್ನೆಲ್ಲ ಒಟ್ಟಿಗೆ ಹೇಗೆ ಬಳಸುವುದು ಅನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪತ್ತೇದಾರಿ ಕೆಲಸ ಇದೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಾರ್ಕ್ ರಸಿನೋವಿಚ್, ಆಗಲೇ ಹೇಳಿದ ಸಿಸ್‌ಇಂಟರ್ನಲ್ಸ್ ಟೂಲ್‌ಗಳನ್ನು ಮಾಡಿದವರಲ್ಲೊಬ್ಬರು. 2005ರಲ್ಲಿ ತಾನೇ ಬರೆದ, ಬಚ್ಚಿಟ್ಟ ಫೈಲು ಹುಡುಕುವ ಒಂದು ಟೂಲನ್ನು ತನ್ನ ಕಂಪ್ಯೂಟರಿನಲ್ಲೇ ಓಡಿಸಿ ನೋಡುತ್ತಿದ್ದಾಗ ಅಲ್ಲಿ ಅವನಿಗೇ ಗೊತ್ತಿಲ್ಲದ ಫೈಲುಗಳು ಸಿಕ್ಕವು. ಎಲ್ಲದರ ಹೆಸರೂ ಡಾಲರ್ ಚಿಹ್ನೆ, ಎಸ್‌ವೈಎಸ್, ಮತ್ತೆ ಡಾಲರ್ ಚಿಹ್ನೆ ಅಂತ ಶುರು. ಎಕ್ಸ್‌ಪ್ಲೋರರಿನಲ್ಲಿ ನೋಡಿದರೆ ಇಲ್ಲ. ಅವನು ಏನು ಮಾಡಿದ? ನೋಟ್‌ಪ್ಯಾಡ್‌ನ ಒಂದು ಪ್ರತಿ ಮಾಡಿ ಅದರ ಹೆಸರಿನ ಮುಂದೆ ಅದೇ ಡಾಲರ್ ಎಸ್‌ವೈಎಸ್ ಡಾಲರ್ ಸೇರಿಸಿದ. ತಕ್ಷಣ ನೋಟ್‌ಪ್ಯಾಡೂ ಮಾಯ! ಅಂದರೆ ಯಾವುದೋ ಡ್ರೈವರ್ ಈ ಹೆಸರಿನದ್ದೆಲ್ಲವನ್ನೂ ಮುಚ್ಚಿಡುತ್ತಿದೆ.

ಆಮೇಲೆ ಆ ಡ್ರೈವರ್ ಹಿಡಿದ. ಜೊತೆಗೆ ಓಡುತ್ತಿದ್ದ ಒಂದು ಪ್ರೋಗ್ರಾಮ್ ತನ್ನನ್ನು "ಪ್ಲಗ್ ಅಂಡ್ ಪ್ಲೇ ಡಿವೈಸ್ ಮ್ಯಾನೇಜರ್" ಅಂತ ಕರೆದುಕೊಂಡಿತ್ತು, ವಿಂಡೋಸ್‌ನ ಸ್ವಂತ ಸೇವೆ ಅನ್ನಿಸಬೇಕು ಅಂತ. ಅದು ಎರಡೆರಡು ಸೆಕೆಂಡಿಗೊಮ್ಮೆ ಓಡುತ್ತಿದ್ದ ಎಲ್ಲ ಪ್ರೋಗ್ರಾಮ್‌ಗಳ ಫೈಲುಗಳನ್ನೂ ನೋಡಿ ಬರುತ್ತಿತ್ತು. ಫೈಲಿನ ಡೀಟೇಲ್ಸ್‌ನಲ್ಲಿ ಫಸ್ಟ್ 4 ಇಂಟರ್ನೆಟ್ ಅನ್ನುವ ಕಂಪನಿ ಹೆಸರು ಸಿಕ್ಕಿತು. ಆ ಕಂಪನಿ ಹಾಡಿನ ಸಿಡಿಗಳಿಗೆ ಕಾಪಿ ಆಗದ ಹಾಗೆ ಬೀಗ ಹಾಕುವ ತಂತ್ರ ಮಾರುತ್ತದೆ, ಸೋನಿಗೂ ಮಾರಿದೆ ಅಂತ ತಿಳಿಯಿತು. ಆಗ ಅವನಿಗೆ ನೆನಪಾಯಿತು, ತಾನು ಕೊಂಡು ತಂದ ಸೋನಿ ಬಿಎಂಜಿಯ ಒಂದು ಸಿಡಿ, ಅದನ್ನು ಕೇಳಬೇಕಾದರೆ ಅದರೊಳಗಿನ ಪ್ಲೇಯರನ್ನೇ ಹಾಕಿಕೊಳ್ಳಬೇಕಿತ್ತು. ಅಳಿಸಿದ. ಅಳಿಸಿದ ಮೇಲೆ ಸಿಡಿ ಡ್ರೈವೇ ಕಂಪ್ಯೂಟರಿನಿಂದ ಮಾಯವಾಯಿತು, ಅದನ್ನು ಸರಿಮಾಡಲು ರಿಜಿಸ್ಟ್ರಿಗೆ, ಅಂದರೆ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗಕ್ಕೆ, ಇಳಿಯಬೇಕಾಯಿತು.

ಅಕ್ಟೋಬರ್ 31ಕ್ಕೆ ಇದನ್ನೆಲ್ಲ ಬರೆದು ಹಾಕಿದ. ಗಲಾಟೆ ಎಷ್ಟಾಯಿತು ಅಂದರೆ ನವೆಂಬರಿನಲ್ಲಿ ಸೋನಿ ಆ ಸಿಡಿಗಳನ್ನು ವಾಪಸ್ ತರಿಸಿಕೊಂಡಿತು. ಅಷ್ಟರಲ್ಲಿ ಬೇರೆ ವೈರಸ್ ಬರೆಯುವವರು ತಮ್ಮ ಫೈಲಿಗೂ ಅದೇ ಡಾಲರ್ ಹೆಸರಿಟ್ಟು, ಸೋನಿಯ ಪರದೆಯ ಹಿಂದೆ ಪುಕ್ಕಟೆ ಅಡಗಿಕೊಳ್ಳಲು ಶುರು ಮಾಡಿದ್ದರು. ಗಮನಿಸಿ, ಅವನ ಕೈಯಲ್ಲಿ "ವೈರಸ್" ಅನ್ನುವ ಯಾವ ಕೆಂಪು ಗುರುತೂ ಇರಲಿಲ್ಲ. ಪತ್ತೆ ಆದದ್ದು ಅಡಗಿದ ಜಾಗ, ಸುಳ್ಳು ಹೆಸರು, ಮಾಡುತ್ತಿದ್ದ ಕೆಲಸ, ಬಂದ ದಾರಿ ಇವುಗಳಿಂದ.

ಅಷ್ಟೆಲ್ಲ ನಮ್ಮಿಂದ ಆಗದಿದ್ದರೂ ಅದೇ ಮನುಷ್ಯನ ಪ್ರೋಸೆಸ್ ಎಕ್ಸ್‌ಪ್ಲೋರರ್, ಆಟೋರನ್ಸ್ ನಾವೂ ಬಳಸಬಹುದು. ಕಂಪ್ಯೂಟರ್ ಆನ್ ಆದ ಕೂಡಲೇ ತಾನಾಗಿ ಓಡುವ ಎಲ್ಲವನ್ನೂ ಆಟೋರನ್ಸ್ ತೋರಿಸುತ್ತದೆ. ಆಪ್ಷನ್ಸ್‌ನಲ್ಲಿ ಸಹಿ ಪರೀಕ್ಷೆ ಟಿಕ್ ಮಾಡಿ, ಮೈಕ್ರೋಸಾಫ್ಟ್‌ನವು ಬೇಡ ಅಂತ ಹೇಳಿದರೆ ಪಟ್ಟಿ ಕೈಗೆಟಕುವಷ್ಟು ಚಿಕ್ಕದಾಗುತ್ತದೆ. ಎರಡರಲ್ಲೂ ವೈರಸ್‌ಟೋಟಲ್‌ಗೆ ಹ್ಯಾಶ್ ಕಳಿಸಿ ನೋಡುವ ಸೌಲಭ್ಯ ಒಳಗೇ ಇದೆ. ವಿಂಡೋಸ್ ಪ್ರೊ ಇದ್ದವರಿಗೆ ವಿಂಡೋಸ್ ಸ್ಯಾಂಡ್‌ಬಾಕ್ಸ್ ಇದೆ, 2019ರಿಂದ. ಕಿಟಕಿಯೊಳಗೊಂದು ಖಾಲಿ ವಿಂಡೋಸ್. ಅದರಲ್ಲಿ ಫೈಲು ಓಡಿಸಿ, ಮುಚ್ಚಿದರೆ ಎಲ್ಲ ಅಳಿಸಿಹೋಗುತ್ತದೆ. ಹೋಮ್ ಆವೃತ್ತಿಯಲ್ಲಿ ಸಿಗುವುದಿಲ್ಲ. ಅಲ್ಲಿ ಏನೂ ಆಗಲಿಲ್ಲ ಅಂತ ಪೂರ್ತಿ ನಂಬಲೂ ಬೇಡಿ, ತಾನು ಇಂಥ ಪೆಟ್ಟಿಗೆಯೊಳಗಿದ್ದೇನೆ ಅಂತ ಗೊತ್ತು ಮಾಡಿಕೊಂಡು ಸಾಧುವಿನ ಹಾಗೆ ಇದ್ದುಬಿಡುವ ವೈರಸ್‌ಗಳಿವೆ.

ಫೈಲೇ ಇಲ್ಲದ ಮೋಸವೂ ಈಗ ಬಂದಿದೆ. ನೀವು ರೋಬೋ ಅಲ್ಲ ಅಂತ ಸಾಬೀತು ಮಾಡಿ, ವಿಂಡೋಸ್ ಕೀ ಮತ್ತು ಆರ್ ಒತ್ತಿ, ಕಂಟ್ರೋಲ್ ವಿ ಒತ್ತಿ, ಎಂಟರ್ ಒತ್ತಿ ಅನ್ನುವ ಪುಟ ಬಂದರೆ ತಕ್ಷಣ ಮುಚ್ಚಿ. ಅಲ್ಲಿ ನೀವು ಅಂಟಿಸುತ್ತಿರುವುದು ಪವರ್‌ಶೆಲ್ ಆಜ್ಞೆ. ಪವರ್‌ಶೆಲ್ ಅಸಲಿ, ಸಹಿ ಅಸಲಿ, ಜಾಗ ಸರಿ. ಮಾಡುವ ಕೆಲಸ ಮಾತ್ರ ಕಳ್ಳತನದ್ದು.

ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಒಬ್ಬರು ಕೇಳಿದರು, "ಸಾರ್, ಇದೆಲ್ಲ ಒತ್ತೋ ಮೊದಲು. ಈಗಾಗಲೇ ಒತ್ತಿಬಿಟ್ಟಿದ್ದರೆ?" ಒಳ್ಳೆ ಪ್ರಶ್ನೆ. ಮೊದಲು ವೈಫೈ ಆಫ್ ಮಾಡಿ, ಕೇಬಲ್ ಕೀಳಿ. ಡಿಫೆಂಡರ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಅಂತ ಇದೆ, ವಿಂಡೋಸ್ ಪೂರ್ತಿ ಏಳುವ ಮೊದಲೇ ಅದು ಹುಡುಕುತ್ತದೆ, ಅದನ್ನು ಓಡಿಸಿ. ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ಸೈಟಿನಲ್ಲೂ ಪುಕ್ಕಟೆ ಟೂಲ್‌ಗಳಿವೆ. ಓಡಿದ್ದು ಕ್ರ್ಯಾಕ್ ಆಗಿದ್ದರೆ ನಾನು ಸ್ಕ್ಯಾನ್ ನಂಬುವುದಿಲ್ಲ, ಡಾಕ್ಯುಮೆಂಟು ಫೋಟೋ ಮಾತ್ರ ತೆಗೆದಿಟ್ಟು ವಿಂಡೋಸ್ ಹೊಸದಾಗಿ ಹಾಕಿ ಅನ್ನುತ್ತೇನೆ. ಹಳೇ ಸೆಟಪ್ ಫೈಲುಗಳನ್ನು ಮಾತ್ರ ವಾಪಸ್ ತರಬೇಡಿ. ದುಡ್ಡು ಹೋಗಿದ್ದರೆ ಕಾಯಬೇಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ. ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಆ ಕಂಪ್ಯೂಟರಿನಲ್ಲಿ ಮಾಡಬೇಡಿ, ಮೊಬೈಲಿನಲ್ಲಿ ಮಾಡಿ. ಬದಲಿಸಿದ ಮೇಲೆ ಜೀಮೇಲ್, ಫೇಸ್‌ಬುಕ್ ಎಲ್ಲದರಲ್ಲೂ "ಎಲ್ಲ ಸಾಧನಗಳಿಂದ ಲಾಗ್ ಔಟ್" ಒತ್ತುವುದನ್ನು ಮರೀಬೇಡಿ, ಯಾಕೆಂದರೆ ಈಗಿನ ಕಳ್ಳ ಪ್ರೋಗ್ರಾಮ್‌ಗಳು ಪಾಸ್‌ವರ್ಡ್ ಜೊತೆಗೆ ಬ್ರೌಸರಿನ ಕುಕೀಗಳನ್ನೂ (ನೀವು ಲಾಗಿನ್ ಆಗಿದ್ದೀರಿ ಅಂತ ಸೈಟಿಗೆ ನೆನಪಿಸುವ ಗುರುತು) ಎತ್ತಿಕೊಂಡು ಹೋಗುತ್ತವೆ, ಆ ಕುಕೀ ಇದ್ದರೆ ಅವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ.